ನೈರುತ್ಯಕ್ಕೆ ನೀರು

ಕಾಪೆಲ್, ಟೆಕ್ಸಾಸ್
ಭಾನುವಾರ, ಆಗಸ್ಟ್ 10, 2003
ಕತ್ತಲಾಗಿಯೂ ಆಗದ ಹೊತ್ತು, ಹಿತ್ತಲಿನಿಂದ

ಪ್ರೀತಿಯ ತರುಣ್,

ಹೇಗಿದ್ದೀಯ? ನಗಬೇಡ. ನೀನು ಈಗ ಈ ಗೋಡೆಯ ಆಚೆಗೇ ಮಲಗಿದ್ದೀಯ, ನಿನ್ನ ತಲೆಯ ಮೇಲಿನ ಫ್ಯಾನು ಕಿರುಗುಟ್ಟುವುದು ಇಲ್ಲಿಗೂ ಕೇಳಿಸುತ್ತಿದೆ. ಆದರೆ ಇದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ನೀನು ಬೆಳಗಿನ ಜಾವದ ಹೈವೇಯಲ್ಲಿರುತ್ತೀಯ, ಡ್ಯಾಲಸ್‌ನ ದೀಪಗಳು ಹಿಂದಿನ ಕನ್ನಡಿಯಲ್ಲಿ ಸಣ್ಣಗಾಗುತ್ತಿರುತ್ತವೆ. ಅದಕ್ಕೇ ಕೇಳಿದೆ. ಬೆನ್ನು ಹೇಗಿದೆ? ಸೊಂಟದ ಹಿಂದೆ ಟವೆಲ್ ಸುತ್ತಿ ಇಟ್ಟುಕೊಂಡಿದ್ದೀಯ ತಾನೇ? ಫ್ಲಾಸ್ಕಿನಲ್ಲಿ ಕಾಫಿ ಇದೆ, ಪಕ್ಕದ ಸೀಟಿನ ಡಬ್ಬಿಯಲ್ಲಿ ಅವಲಕ್ಕಿ ಇದೆ, ಡ್ರೈವ್ ಮಾಡುತ್ತಾ ತಿನ್ನಬೇಡ, ಚಮಚ ಹುಡುಕಲು ಹೋಗಿ ಲೇನ್ ಬಿಡುತ್ತೀಯ. ನಿನ್ನ ಹಳೆಯ ಕಾರಿನಲ್ಲಿ ಕ್ಯಾಸೆಟ್ ಮಾತ್ರ ಹಾಡುತ್ತದೆ ಎಂದು ಎಲ್ಲರೂ ತಮಾಷೆ ಮಾಡುತ್ತಾರೆ, ಮಾಡಲಿ. ಕಾರ್ಸಿಕಾನಾ ದಾಟಿದ ಮೇಲೆ ರೇಡಿಯೋದಲ್ಲಿ ಪ್ರವಚನ ಬಿಟ್ಟರೆ ಏನೂ ಸಿಗುವುದಿಲ್ಲ, ನಿದ್ದೆ ಬರುತ್ತದೆ ಎಂದು ನೀನು ಅಂದಿದ್ದಕ್ಕೆ ಶುರುವಾದದ್ದು ಈ ಟೇಪಿನ ಪತ್ರ. ಮೈಕಿನ ಮುಂದೆ ಕೂತರೆ ನನ್ನ ಗದಗಿನ ಬಾಯಿ ಎಲ್ಲೋ ಅಡಗಿಕೊಂಡು ಕಾಗದದ ಕನ್ನಡ ಬರುತ್ತದೆ ಎಂದು ಆಡಿಕೊಳ್ಳುತ್ತೀಯಲ್ಲ, ಏನು ಮಾಡಲಿ, ಓದು ಬಾರದ ನಮ್ಮ ಅಜ್ಜಿ ಕಮಲವ್ವನಿಗೆ ಊರೂರಿನ ಪತ್ರ ಓದಿ ಹೇಳಿ, ಉತ್ತರ ಬರೆದುಕೊಟ್ಟು ಬೆಳೆದವಳು ನಾನು. ಪತ್ರ ಅಂದರೆ ನಾಲಗೆ ತಾನಾಗಿ ಸೀರೆ ನೆರಿಗೆ ಸರಿಮಾಡಿಕೊಳ್ಳುತ್ತದೆ.

ನಾನು ಎಲ್ಲಿ ಕೂತಿದ್ದೇನೆ ಹೇಳಲಾ? ನಮ್ಮ ಬೆಡ್‌ರೂಮಿನ ಹೊರಗೆ, ಮನೆಯ ಹಿಂಬದಿಯ ಮೂಲೆಯಲ್ಲಿ, ಹುಲ್ಲಿನ ಮೇಲೆ. ಪಕ್ಕದಲ್ಲಿ ಪೈಪು ಇದೆ, ಬಹಳ ಸಣ್ಣಗೆ ನೀರು ಬಿಟ್ಟಿದ್ದೇನೆ, ನೆಲ ಅದನ್ನು ಸದ್ದಿಲ್ಲದೆ ಕುಡಿಯುತ್ತಿದೆ. ಜೀರುಂಡೆಗಳು ಒಮ್ಮೆಲೇ ಕೂಗಿ ಒಮ್ಮೆಲೇ ಸುಮ್ಮನಾಗುತ್ತಿವೆ. ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ದಕ್ಷಿಣದ ಆಕಾಶದಲ್ಲಿ ಸಾಲಾಗಿ ನಿಂತಿವೆ, ಯಾರೋ ಅಂಗಳದಲ್ಲಿ ದೀಪ ಇಟ್ಟು ಆ ಸಾಲನ್ನು ನಿಧಾನವಾಗಿ ಎಳೆದುಕೊಳ್ಳುತ್ತಿರುವ ಹಾಗೆ. ಮುಂದಿನದು ನಂದಿಹೋದರೆ ಹಿಂದೆ ಇನ್ನೊಂದು ಹತ್ತಿಕೊಳ್ಳುತ್ತದೆ. ಎಷ್ಟೋ ಸಂಜೆ ಇದನ್ನು ನೋಡುತ್ತಾ ನಾನು ಯಾವ ಊರಿನಲ್ಲಿದ್ದೇನೆ ಎನ್ನುವುದನ್ನೇ ಮರೆತಿದ್ದೇನೆ. ಒಳಗೆ ಊಟದ ಮೇಜಿನ ಮೇಲೆ ಮನೆ ಮಾರುವ ಕಾಗದ ಇದೆ. ನಿನ್ನೆ ನೀನು ಸಹಿ ಹಾಕಿ, ಪೆನ್ನಿನ ಮುಚ್ಚಳ ತೆಗೆದೇ ಇಟ್ಟು, "ನಿನ್ನದೂ ಹಾಕಿಬಿಡು, ಮಂಗಳವಾರ ವೆಂಕಟಗಿರಿ ಅಂಕಲ್ ಬಂದು ತಗೊಂಡು ಹೋಗ್ತಾರೆ" ಎಂದು ಹುಲ್ಲು ಕತ್ತರಿಸಲು ಹೋದೆ. ಬುಧವಾರ ನೀನು ಹ್ಯೂಸ್ಟನ್‌ನ ಕಂಪನಿಗೆ ಪರ್ಮನೆಂಟ್ ಆಗುತ್ತೇನೆ ಎಂದು ಹೇಳಬೇಕು, ನಾವು ಅಲ್ಲಿನ ಕ್ಲಿಯರ್ ಲೇಕ್‌ಗೆ ಶಿಫ್ಟ್ ಆಗಬೇಕು. ಎಲ್ಲ ಗೊತ್ತು. ಆದರೂ ಎರಡು ದಿನ ನಾನು ಆ ಮೇಜನ್ನು ಸುತ್ತಿಹೋಗಿ ಅಡುಗೆ ಮಾಡಿದೆ. ನೀನೂ ಕೇಳಲಿಲ್ಲ. ವಾರಕ್ಕೆ ಎರಡೇ ದಿನ ಸಿಗುವ ಗಂಡ ಹೆಂಡತಿ ಅತಿಥಿಗಳ ಹಾಗೆ ಇರುತ್ತಾರೆ ತರುಣ್. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಕೂಡ ಹೇಳುವುದಿಲ್ಲ. ಇವತ್ತು ಕಡಿಮೆ ಇತ್ತು, ನನಗೆ ಗೊತ್ತಿತ್ತು.

ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಿಂದ ಈ ಮನೆಗೆ ಬಂದ ವಾರ ನೆನಪಿದೆಯಾ? ನನಗೆ ಈ ಮನೆ ಬೇಕಿರಲಿಲ್ಲ, ನಿನಗೇ ಬೇಕಿತ್ತು. ನನಗೆ ಮೇಲಿನ ಮನೆಯವರ ಮಗು ಓಡಾಡುವ ಸದ್ದು, ಕೆಳಗಿನ ಮನೆಯ ಒಗ್ಗರಣೆ ಇದ್ದರೆ ಸಾಕಿತ್ತು. ಇಲ್ಲಿ ಬಂದರೆ ಎಷ್ಟು ಕೋಣೆ, ಎಷ್ಟು ಬಾಗಿಲು, ಒಂದರಲ್ಲೂ ಮನುಷ್ಯರಿಲ್ಲ. ಆಗ ಬೇಲಿಯ ಆಚೆಯಿಂದ ಮಿಸೆಸ್ ಕುಬೆನಾ ಪೀಚ್ ಹಣ್ಣಿನ ಕಡುಬಿನಂಥದ್ದೊಂದು ಮಾಡಿಕೊಂಡು ಬಂದು, ಬಾಗಿಲಲ್ಲೇ ನಿಂತು ಹೇಳಿದ ಮೊದಲ ಮಾತು, "ಹನಿ, ನಾಯಿಗೆ ನೀರಿಡೋದು ಮರೆತರೂ ನಡೆಯುತ್ತೆ, ಮನೆಗೆ ನೀರಿಡೋದು ಮರೀಬೇಡಿ." ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವರು ಹೋದ ಮೇಲೆ ನೀನು, "ಪಾಪ, ವಯಸ್ಸಾಗಿದೆ" ಅಂದೆ. ಆಮೇಲೆ ತಾನೇ ತಿಳಿದದ್ದು, ಇಲ್ಲಿ ಎಲ್ಲರೂ ಬೇಸಿಗೆಯಲ್ಲಿ ಮನೆಯ ಸುತ್ತ ತೂತಿನ ಪೈಪು ಮಲಗಿಸಿ ಬುನಾದಿಗೆ ನೀರು ಉಣಿಸುತ್ತಾರೆ, ಇಲ್ಲದಿದ್ದರೆ ಮಣ್ಣು ಒಣಗಿ ಕುಗ್ಗಿ ಮನೆ ಕೂತುಬಿಡುತ್ತದೆ ಎಂದು. ನೀನು ಅಂಗಡಿಯಿಂದ ಪೈಪು ತಂದು ನಾಲ್ಕೂ ಕಡೆ ಸುತ್ತಿ, ಮೊದಲ ಸಂಜೆ ನಲ್ಲಿ ತಿರುಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. "ನಮ್ಮೂರಲ್ಲಿ ಮನೆ ಕಟ್ಟುವಾಗ ಮೂರು ವಾರ ನೀರು ಹಾಕ್ತಾರೆ, ಇಲ್ಲಿ ಜೀವಮಾನವೆಲ್ಲ ಹಾಕ್ಬೇಕಂತೆ, ಸಂಹಿತಾ. ಮುಗಿಯೋದೇ ಇಲ್ಲ ಈ ಮನೆ ಕಟ್ಟೋದು" ಅಂದೆ. ಅದನ್ನು ನೀನು ದೂರಿನ ಹಾಗೆ ಹೇಳಿದ್ದು. ನನಗೆ ಯಾಕೋ ಆ ಮಾತಿನಿಂದಲೇ ಈ ಮನೆ ಸ್ವಲ್ಪ ಇಷ್ಟವಾಯಿತು.

ಆಮೇಲೆ ನಿನ್ನ ಟೆಲಿಕಾಂ ಕಂಪನಿ ಒಂದು ಬೆಳಿಗ್ಗೆ ಇಡೀ ಮಹಡಿಯನ್ನು ಖಾಲಿ ಮಾಡಿಸಿತು. ರಟ್ಟಿನ ಪೆಟ್ಟಿಗೆ ಹಿಡಿದು ಬಂದವನು ಅದನ್ನು ಗ್ಯಾರೇಜಿನಲ್ಲಿಟ್ಟೆ, ಇನ್ನೂ ಬಿಚ್ಚಿಲ್ಲ. ಆ ದಿನಗಳಲ್ಲಿ ನೀನು ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಲಿನ ಕೋಣೆಯಲ್ಲಿ ಕೂರುತ್ತಿದ್ದೆ. ನಾನು ಮೆಟ್ಟಿಲ ಮೇಲೆ ಚಹಾ ಇಟ್ಟು ಬಾಗಿಲು ತಟ್ಟಿ ಇಳಿದುಬರುತ್ತಿದ್ದೆ, ಆಫೀಸಿನಲ್ಲಿ ಇದ್ದವನನ್ನು ಡಿಸ್ಟರ್ಬ್ ಮಾಡಬಾರದು ಎನ್ನುವ ಹಾಗೆ. ಆಗ ಮೈಸೂರಿನಿಂದ ಅಮ್ಮನ ಫೋನ್. ನಿನ್ನ ಅಮ್ಮ ಯಾರನ್ನೋ ವಿಚಾರಿಸಿದ್ದರು. "ಸಂಹಿತಾ, ನೀವು ಮನೆ ಸುತ್ತ ಎಲ್ಲಾ ಕಡೆ ನೀರು ಬಿಡ್ತೀರಂತೆ? ಯಾರಾದ್ರೂ ಹಾಗೆ ಮಾಡ್ತಾರೇನಮ್ಮಾ! ಈಶಾನ್ಯದಲ್ಲಿ ನೀರಿದ್ರೆ ಶ್ರೇಯಸ್ಸು. ನೈರುತ್ಯಕ್ಕೆ ಮಾತ್ರ ಒಂದು ಹನಿ ತಾಗಬಾರದು. ಅದು ಯಜಮಾನನ ಮೂಲೆ, ಒಣಗಿರ್ಬೇಕು, ಭಾರವಾಗಿರ್ಬೇಕು." ನಾನು ಹೂಂ ಅಂದು ಮರೆಯುತ್ತಿದ್ದೆ. ಆದರೆ ನೀನು, ಮನೆ ಕೊಳ್ಳುವಾಗ ವಾಸ್ತು ಎಂದರೆ ನಕ್ಕವನು, ಫೋನ್ ಇಟ್ಟ ಮೇಲೆ ಇಕ್ಕಳ ತೆಗೆದುಕೊಂಡು ಹಿತ್ತಲಿಗೆ ಹೋದೆ. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಈ ಮೂಲೆಗೆ ಬರುವ ಪೈಪನ್ನು ಕತ್ತರಿಸಿ, ಬಾಯಿಗೆ ಮುಚ್ಚಳ ಹಾಕಿ, ಮಂಡಿಯೂರಿ ಕೂತು ತಿರುಗಿಸಿದೆ, ತಿರುಗಿಸಿದೆ, ಇನ್ನೂ ತಿರುಗಿಸಿದೆ. ಅಷ್ಟು ಬಿಗಿ ಬೇಕಿರಲಿಲ್ಲ. ಎದ್ದು ಎರಡು ಸಿಮೆಂಟಿನ ಕುಂಡ ತಂದು ಭಾರಕ್ಕೆ ಇಟ್ಟೆ. ಅಷ್ಟಾದ ಮೇಲೆ ಹ್ಯೂಸ್ಟನ್‌ನ ಕಾಂಟ್ರ್ಯಾಕ್ಟ್ ಸಿಕ್ಕಿತು. "ನೋಡಿದ್ಯಾ" ಅಂದರು ಅಮ್ಮ. ಕೆಲಸ ಕಳೆದುಕೊಂಡ ಮನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಯಾರು ವಾದ ಮಾಡುತ್ತಾರೆ? ನೀನು ಹೋದೆ. ನಾನು ಪ್ರತಿ ಸಂಜೆ ಮುಂದಿನ ಬಾಗಿಲ ಪಕ್ಕದ ಈಶಾನ್ಯಕ್ಕೆ ನೀರು ಬಿಟ್ಟೆ, ಭಕ್ತಿಯಿಂದ. ಅಲ್ಲಿ ಹುಲ್ಲು ಬಾಳೆಎಲೆಯ ಬಣ್ಣಕ್ಕೆ ಬಂತು. ಹಿಂದೆ ಇಲ್ಲಿ ಒಣಗಿ ಚಕ್ಕೆಯೆದ್ದಿತು. ಅದನ್ನು ನೋಡಿದಾಗಲೆಲ್ಲ, ಸರಿಯಾಗಿ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದೆ.

ಈಗ ನೀನು ಎಲ್ಲಿದ್ದೀಯೋ, ಫೇರ್‌ಫೀಲ್ಡ್ ಹತ್ತಿರ ಇರಬಹುದು, ಎರಡೂ ಕಡೆ ಕತ್ತಲು, ಒಂದೊಂದು ಟ್ರಕ್ಕಿನ ಕೆಂಪು ದೀಪ. ಕಾಫಿ ಕುಡಿ. ಮುಂದಿನದು ಹೇಳಬೇಕಾದರೆ ನೀನು ಎಚ್ಚರವಾಗಿರಬೇಕು. ಈ ಬೇಸಿಗೆಯ ಶುರುವಿನಲ್ಲಿ ನಮ್ಮ ಬೆಡ್‌ರೂಮಿನ ಬಾಗಿಲು ಮುಚ್ಚುವುದು ನಿಂತಿತು. ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಶುಕ್ರವಾರ ರಾತ್ರಿ ನೀನು ಬಂದು ಹಿಡಿಯನ್ನು ಸ್ವಲ್ಪ ಮೇಲೆತ್ತಿ ಭುಜದಿಂದ ತಳ್ಳಿ ಮುಚ್ಚುವುದನ್ನು ಅಭ್ಯಾಸ ಮಾಡಿಕೊಂಡೆ, ನಾನು ವಾರವೆಲ್ಲ ತೆರೆದೇ ಮಲಗಿದೆ. ಒಂದು ದಿನ ಧೂಳು ಒರೆಸುತ್ತಾ ತಲೆಯೆತ್ತಿದರೆ, ಬಾಗಿಲ ಮೇಲಿನ ಮೂಲೆಯಿಂದ ಸೂರಿನ ಕಡೆಗೆ ಓರೆಯಾಗಿ ಒಂದು ಗೆರೆ. ಕೂದಲೆಳೆಯಂಥದ್ದು. ಮುಂದಿನ ವಾರ ಉಗುರು ಹೋಗುವಷ್ಟು. ಅಮ್ಮ ಕಳಿಸಿದ ಗಂಜೀಫಾ ಗಣಪತಿಯ ಪಟವನ್ನು ಅದರ ಮೇಲೆ ತೂಗುಹಾಕಿದೆ. "ಇದೇನೇ, ಗಣಪತಿ ಬಾಗಿಲ ಕಿವಿಗೆ ಅಂಟಿಕೊಂಡು ನಮ್ಮ ಮಾತು ಕೇಳಿಸ್ಕೋತಾ ಇದಾನೆ?" ಎಂದು ನೀನು ನಕ್ಕೆಯಲ್ಲ, ನಾನೂ ನಕ್ಕೆ. ವಾರದಲ್ಲಿ ಎರಡು ದಿನಕ್ಕೆ ಬರುವವನಿಗೆ ಗೋಡೆ ಬಿರಿದಿದೆ ಎಂದು ಹೇಗೆ ಹೇಳುವುದು?

ಮಿಸೆಸ್ ಕುಬೆನಾ ಅವರನ್ನು ಕರೆದು ತೋರಿಸಿದೆ. ಅವರು ಒಳಗಿನ ಗೆರೆ ನೋಡಲೇ ಇಲ್ಲ, ಸೀದಾ ಹೊರಗೆ ಬಂದು ಈ ಮೂಲೆಯಲ್ಲಿ ನಿಂತರು. ಇಟ್ಟಿಗೆಗೂ ನೆಲಕ್ಕೂ ನಡುವೆ ನನ್ನ ಅಂಗೈ ಇಳಿಯುವಷ್ಟು ಕಂದಕ. "ಮುಂದೆ ಅಷ್ಟೊಂದು ಕುಡಿಸಿ ಹಿಂದೆ ಉಪವಾಸ ಕೆಡವಿದ್ದೀರಲ್ಲ, ಹನಿ? ಯಾಕೆ?" ಅಂದರು. ನಾನು ಇಂಗ್ಲಿಷಿನಲ್ಲಿ ನೈರುತ್ಯ, ಯಜಮಾನ, ಭಾರ ಎಂದು ವಿವರಿಸಿದೆ. ಅವರು ಬಹಳ ಗೌರವದಿಂದ ಎಲ್ಲವನ್ನೂ ಕೇಳಿ, "ಆ ಯಜಮಾನನಿಗೆ ಬಾಯಾರಿಕೆ ಆಗೋದಿಲ್ಲವಾ?" ಎಂದು ಕೇಳಿದರು. ಅವರು ಹೋದ ಮೇಲೆ ನಾನು ಆ ಕಂದಕದೊಳಗೆ ಕೈಬಿಟ್ಟು ಒಂದು ಹೆಂಟೆ ತೆಗೆದೆ. ಕಪ್ಪಗೆ, ಗಟ್ಟಿಯಾಗಿ, ಮುರಿದರೆ ಒಳಗೆ ಬೆಣ್ಣೆ ಕತ್ತರಿಸಿದ ಹಾಗೆ ನುಣುಪು. ಮೂಗಿಗೆ ಹಿಡಿದೆ. ತರುಣ್, ಅದು ನಮ್ಮೂರಿನ ವಾಸನೆ. ಇಷ್ಟು ವರ್ಷ ಹುಲ್ಲಿನ ಚಾಪೆ ಹೊದ್ದು ಮಲಗಿತ್ತು, ನಾನು ಅದರ ಮೇಲೆಯೇ ಓಡಾಡುತ್ತಾ ಗುರುತು ಹಿಡಿಯಲಿಲ್ಲ. ಗದಗಿನ ಎರೆಹೊಲ ಭೂಮಿಯೊಳಗೆ ಮುಳುಗಿ, ಸಮುದ್ರದ ಕೆಳಗಿಂದ ನಡೆದು ಬಂದು, ನಮ್ಮ ಬೆಡ್‌ರೂಮಿನ ಹಿಂದೆ ತಲೆಯೆತ್ತಿದ ಹಾಗಿತ್ತು. ಬೇಸಿಗೆಯಲ್ಲಿ ಹೊಲದಲ್ಲಿ ಕುರಿಮರಿಯ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಡುತ್ತಿದ್ದುದನ್ನು ತೋರಿಸಿ ಕಮಲವ್ವ ಹೇಳುತ್ತಿದ್ದಳು, "ಎರಿ ನೆಲ ಹಸದ್ರ ಬಾಯಿ ತೆರೀತೈತಿ, ಉಂಡ್ರ ಉಬ್ಬತೈತಿ. ಅದಕ್ಕ ಸಿಟ್ಟಿಲ್ಲವ್ವಾ, ಹಸಿವಿ ಅಷ್ಟ." ಹುಬ್ಬಳ್ಳಿಯಲ್ಲಿ ನಾನು ಓದಿದ್ದೂ ಸಿವಿಲ್. ಮಣ್ಣಿನ ಪಾಠ ಮಾಡುತ್ತಿದ್ದ ಲಿಂಗರಾಜು ಸರ್ ಇಡೀ ಒಂದು ತಿಂಗಳು ಇದನ್ನೇ ಹೇಳಿದ್ದರು. "ಎರಿಮಣ್ಣಿನ ಮ್ಯಾಲ ಮನಿ ಅಂದ್ರ ಮೂಗಿನ ತುದಿಗೆ ಸಿಟ್ಟಿರೋ ಅಳಿಯ ಇದ್ದಂಗ. ಎಲ್ಲಾ ಕಡೆಯಿಂದನೂ ಒಂದ ಸಮ ಉಪಚಾರ ಮಾಡ್ರಿ." ಪರೀಕ್ಷೆಯಲ್ಲಿ ಅದನ್ನು ನಾಲ್ಕು ಪುಟ ಬರೆದು ಪಾಸಾದವಳು, ಟೆಕ್ಸಾಸಿಗೆ ಬಂದು ಈಶಾನ್ಯಕ್ಕೆ ಮಾತ್ರ ಉಪಚಾರ ಮಾಡಿದೆ. ಒಬ್ಬಳೇ ಕೂತು ನಕ್ಕೆ. ಬೇಲಿಯಾಚೆಯ ನಾಯಿ ಕೂಡ ಬೊಗಳುವುದನ್ನು ನಿಲ್ಲಿಸಿ ನೋಡಿತು.

ಆ ಹೆಂಟೆಯನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಮರುದಿನ ಲೂಯಿಸ್‌ವಿಲ್‌ಗೆ ಹೋದೆ. ನಮ್ಮ ಹಳೆಯ ಅಪಾರ್ಟ್‌ಮೆಂಟಿನಿಂದ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಮಣ್ಣು ಪರೀಕ್ಷೆಯ ಒಂದು ಸಣ್ಣ ಲ್ಯಾಬ್ ಇದೆ, ಗಾಡಿಯಲ್ಲಿ ಹೋಗುವಾಗಲೆಲ್ಲ ಬೋರ್ಡು ಓದುತ್ತಿದ್ದೆನಲ್ಲ, ಅದೇ. ಸುಮ್ಮನೆ ಕೇಳಿಕೊಂಡು ಬರೋಣ ಎಂದು. ಅಲ್ಲಿದ್ದ ಯಜಮಾನ ಮಣ್ಣಿಗೆ ನಾಲ್ಕು ಹನಿ ನೀರು ಹಾಕಿ ಕಲಸಿ ಗಾಜಿನ ಹಲಗೆಯ ಮೇಲಿಟ್ಟ. ಈ ಮಣ್ಣು ಎಷ್ಟು ಜಿಗುಟು ಎಂದು ತಿಳಿಯಲು ಅದನ್ನು ಅಂಗೈಯಲ್ಲಿ ಹೊಸೆದು ಎಳೆ ಮಾಡಬೇಕು, ಎಲ್ಲಿ ಕಡಿಯುತ್ತದೆ ನೋಡಬೇಕು. ಅವನಿಗೆ ಫೋನ್ ಬಂತು, ಆಚೆ ಹೋದ. ನನ್ನ ಕೈ ಸುಮ್ಮನಿರಲಿಲ್ಲ. ಕಮಲವ್ವನ ಜೊತೆ ಕಟ್ಟೆಯ ಮೇಲೆ ಕೂತು ಶ್ಯಾವಿಗೆ ಹೊಸೆದ ಕೈ ಅದು. ಅಂಗೈ ಮುಂದೆ ಹೋಗಿ ಹಿಂದೆ ಬಂದರೆ ಎಳೆ ತಾನೇ ಉದ್ದವಾಗಬೇಕು, ಒತ್ತಬಾರದು, ಕೇಳಿಕೊಳ್ಳಬೇಕು. ಅವನು ಬಂದು ನೋಡುವಾಗ ಗಾಜಿನ ಮೇಲೆ ಕಪ್ಪು ಶ್ಯಾವಿಗೆಯ ಸಾಲು. "ಎಲ್ಲಿ ಕಲಿತೆ?" ಅಂದ. ನಾನು ಕಾಲೇಜಿನ ಹೆಸರು ಹೇಳಬೇಕೋ ಅಜ್ಜಿಯ ಹೆಸರು ಹೇಳಬೇಕೋ ತಿಳಿಯದೆ ಎರಡನ್ನೂ ಹೇಳಿದೆ. ಅವನು ನಕ್ಕು, "ಒಣಗಿದ ಮೂಲೆಗೆ ನಿಧಾನವಾಗಿ ನೀರು ಬಿಡು. ಅವಸರ ಮಾಡಿದರೆ ಇನ್ನೊಂದು ಕಡೆ ಬಿರಿಯುತ್ತೆ" ಅಂದ. ಅವತ್ತು ಸಂಜೆಯಿಂದ ಮುಂದಿನ ನಲ್ಲಿಯಿಂದ ಉದ್ದ ಪೈಪು ಎಳೆದು ತಂದು ಇಲ್ಲಿ ಕೂರುತ್ತಿದ್ದೇನೆ, ಅಮ್ಮ ಬೇಡವೆಂದ ಮೂಲೆಯಲ್ಲಿಯೇ. ಕಂದಕ ಮೆಲ್ಲಗೆ ಮುಚ್ಚಿಕೊಳ್ಳುತ್ತಿದೆ. ಕೆಲವೊಮ್ಮೆ ಕಣ್ಣು ಮುಚ್ಚಿದರೆ ಮನೆ ನೀರು ಕುಡಿದು ಉಸಿರು ಬಿಡುವುದು, ನಿದ್ದೆಯಲ್ಲಿ ಮಗ್ಗುಲು ಬದಲಿಸುವುದು ಕೇಳಿಸುತ್ತದೆ. ಹುಚ್ಚು ಎನ್ನುತ್ತೀಯ. ವಾರವೆಲ್ಲ ಒಬ್ಬಳೇ ಇರುವವಳಿಗೆ ಮನೆಯ ಉಸಿರು ಕೇಳಿಸದಿದ್ದರೆ ಇನ್ನೇನು ಕೇಳಿಸಬೇಕು?

ಈಗ ಮೊನ್ನೆ ಬುಧವಾರದ ಕಥೆ. ವೆಂಕಟಗಿರಿ ಅಂಕಲ್ ಗೊತ್ತಲ್ಲ, ಸೋಮವಾರದಿಂದ ಶುಕ್ರವಾರ ಡೇಟಾಬೇಸ್ ನೋಡುತ್ತಾರೆ, ಸಂಜೆ ಮತ್ತು ಶನಿವಾರ ಮನೆ ಮಾರುತ್ತಾರೆ, ಮಾತಾಡುವುದು ಮಾತ್ರ ಮದುವೆ ದಲ್ಲಾಳಿಯ ಹಾಗೆ. "ಸಂಹಿತಾ, ನಿಮ್ಮ ಮನೆಗೆ ತುಂಬಾ ಒಳ್ಳೆ ಸಂಬಂಧ ಬಂದಿದೆ ಕಣಮ್ಮಾ. ಹುಡುಗ ಅಖಿಲ್ ಅಂತ, ಬೆಂಗಳೂರಿನೋರು. ತಂದೆ ಗೋವಿಂದರಾಜು ಅವರೂ ಬರ್ತಾರೆ. ದೊಡ್ಡೋರು, ಮನಸ್ಸಿಗೆ ಬಂದ್ರೆ ಅಲ್ಲೇ ಹೂಂ ಅಂತಾರೆ." ಬಂದರು. ಅಖಿಲ್‌ಗೆ ಕಿಚನ್ ಇಷ್ಟವಾಯಿತು, ಅವನ ಹೆಂಡತಿಗೆ ಕಿಟಕಿ. ಗೋವಿಂದರಾಜು ಅಂಕಲ್ ಜೇಬಿನಿಂದ ದಿಕ್ಸೂಚಿ ತೆಗೆದರು! ಹಿತ್ತಲನ್ನೊಮ್ಮೆ ಸುತ್ತಿ, ಮುಂದೆ ಹೋಗಿ ಹಸಿರು ಹುಲ್ಲಿನ ಮೇಲೆ ನಿಂತರು, ಮುಳ್ಳು ನೋಡಿದರು, ಕಣ್ಣು ತುಂಬಿ ಬಂದವರ ಹಾಗೆ ನನ್ನ ಕಡೆ ತಿರುಗಿದರು. "ಈಶಾನ್ಯದಲ್ಲಿ ಏನು ನೀರಮ್ಮಾ! ಏನು ಹಸಿರು! ನೈರುತ್ಯಕ್ಕೆ ಕುಂಡ ಬೇರೆ ಇಟ್ಟಿದ್ದೀರಿ. ಅಮೆರಿಕದಲ್ಲೂ ಇಷ್ಟು ಶಾಸ್ತ್ರೋಕ್ತವಾಗಿ ಇಟ್ಕೊಂಡಿದ್ದೀರಲ್ಲ, ಈ ಕಾಲದ ಮಕ್ಕಳು!" ವೆಂಕಟಗಿರಿ ಅಂಕಲ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಮುಹೂರ್ತ ಕೂಡಿತು ಎನ್ನುವ ಹಾಗೆ.

ಯಾವುದು ಮನೆಯನ್ನು ಒಡೆಯಿತೋ ಅದನ್ನೇ ಮೆಚ್ಚಿ ಕೊಳ್ಳುತ್ತಿದ್ದಾರೆ. ಅವರನ್ನು ಒಳಗೆ ಕರೆದೆ, ಗಣಪತಿಯನ್ನು ಇಳಿಸಿದೆ, ಗೆರೆ ತೋರಿಸಿದೆ, ಎಲ್ಲ ಹೇಳಿದೆ. ಗೋವಿಂದರಾಜು ಅಂಕಲ್ ಗೆರೆ ನೋಡಿದರು, ದಿಕ್ಸೂಚಿ ನೋಡಿದರು, ಮತ್ತೆ ಗೆರೆ ನೋಡಿದರು. "ಹಾಗಾದ್ರೆ ನೈರುತ್ಯಕ್ಕೂ ನೀರು ಹಾಕ್ಬೇಕು ಅಂತೀರಾ?" "ಹೌದು ಅಂಕಲ್, ಸಮವಾಗಿ." ಅವರು ದಿಕ್ಸೂಚಿಯ ಮುಚ್ಚಳ ಮುಚ್ಚಿ, "ಇಲ್ಲಿನ ನೈರುತ್ಯದ ಸ್ವಭಾವವೇ ಬೇರೆ ಇರ್ಬೇಕು ಬಿಡಿ" ಅಂದರು. ಹೊರಗೆ ಕಾರಿನ ಹತ್ತಿರ ವೆಂಕಟಗಿರಿ ಅಂಕಲ್, "ಹೇಳಿದ್ದು ಒಳ್ಳೇದೇ ಆಯ್ತು, ಹೇಗೂ ಮಾರೋ ಫಾರ್ಮ್‌ನಲ್ಲಿ ಬಿರುಕಿನ ವಿಷಯ ಬರೀಲೇಬೇಕಿತ್ತು. ಆದ್ರೆ ಹುಡುಗಿ ನೋಡೋಕೆ ಬಂದ ದಿನವೇ ಯಾರಾದ್ರೂ ಜಾತಕದ ದೋಷ ಹೇಳ್ತಾರಾ?" ಎಂದು ನಿಟ್ಟುಸಿರು ಬಿಟ್ಟರು. ನಾನು ಅಂದುಕೊಂಡೆ, ಮುಗಿಯಿತು, ಇನ್ನು ಅವರು ಬರುವುದಿಲ್ಲ, ಸಹಿಯ ಮಾತೇ ಇಲ್ಲ. ಒಳಗೊಳಗೆ ಎಷ್ಟು ಹಗುರವಾಯಿತು ಗೊತ್ತಾ? ಮರುದಿನ ಅಖಿಲ್ ಫೋನ್. ಬೆಲೆ ಸ್ವಲ್ಪ ಇಳಿಸಿದರೆ ಮನೆ ಬೇಕೇ ಬೇಕಂತೆ, ನಿಜ ಹೇಳುವವರ ಮನೆ ಎಂದು ಅಪ್ಪ ಹಟ ಹಿಡಿದಿದ್ದಾರಂತೆ. ವೆಂಕಟಗಿರಿ ಅಂಕಲ್ ನಿನಗೆ ಹೇಳಿದ 'ಸಣ್ಣ ರಿಪೇರಿ' ಇದೇ. ಗೋಡೆಯ ಬಿರುಕು ನನ್ನ ಪರವಾಗಿ ಬೇಡ ಎನ್ನಲಿಲ್ಲ ತರುಣ್. ನಾನೇ ಅನ್ನಬೇಕಾಯಿತು.

ಹಂಟ್ಸ್‌ವಿಲ್‌ನ ಆ ದೊಡ್ಡ ಬಿಳಿ ಪ್ರತಿಮೆ ಬಂತಾ, ಎಡಗಡೆ ಮರಗಳ ಮೇಲೆ? ಅದರ ಹತ್ತಿರ ಬಂದರೆ ಅರ್ಧಕ್ಕಿಂತ ಹೆಚ್ಚು ದಾರಿ ಮುಗಿಯಿತು ಎನ್ನುತ್ತೀಯ. ನನಗೆ ಕೇಳಬೇಕಾದದ್ದು ಒಂದೇ. ಕ್ಲಿಯರ್ ಲೇಕ್ ನಿನಗೆ ನಿಜವಾಗಿ ಬೇಕಾ? ಮೇ ತಿಂಗಳಲ್ಲಿ ನಾನು ಬಂದಾಗ ನೋಡಿದೆ. ಅಲ್ಲಿನ ನೀರು ಚೆಂದ, ಬಿಳಿ ಹಕ್ಕಿಗಳು ಚೆಂದ, ಅಂತರಿಕ್ಷದ ಕೆಲಸ ಮಾಡುವವರು ಅಂಗಡಿಯಲ್ಲಿ ನಮ್ಮ ಹಿಂದೆಯೇ ನಿಂತು ಈರುಳ್ಳಿ ತೂಗಿಸುವುದೂ ಚೆಂದ. ಆದರೆ ನಿನ್ನ ಕೋಣೆಯಲ್ಲಿ ಕಿಟಕಿಗೆ ಪರದೆ ಇಲ್ಲ. ಗೋಡೆಗೆ ಒಂದು ಮೊಳೆ ಇಲ್ಲ. ಇಷ್ಟು ತಿಂಗಳಾದರೂ ಸೂಟ್‌ಕೇಸಿನಿಂದಲೇ ಅಂಗಿ ತೆಗೆಯುತ್ತೀಯ, ಅದರಲ್ಲೇ ಮಡಚಿಡುತ್ತೀಯ. ಇಷ್ಟವಾದ ಊರಿನಲ್ಲಿ ಹಾಗೆ ಇರುತ್ತಾರಾ? ಆಸ್ಟಿನ್‌ನ ಗೆಳತಿ ಪ್ರಗತಿ ಮೊನ್ನೆ ಫೋನಿನಲ್ಲಿ ರೇಗಿಸಿದಳು, "ನಿಮ್ಮಿಬ್ಬರದು ಮದುವೇನೋ ಕಾರ್‌ಪೂಲೋ?" ಎಂದು. ನಗು ಬಂತು, ಆಮೇಲೆ ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳ ಮನೆಗೆ ಹೋದಾಗ ಸೇತುವೆಯ ಮೇಲೆ ನಿಂತು ಬಾವಲಿಗಳು ಹೊಗೆಯ ಹಾಗೆ ಎದ್ದು ಹೋಗುವುದನ್ನು ನೋಡುತ್ತಾ ನೀನು ಹೇಳಿದ್ದೆ, "ಏನೂ ಆಗ್ಲಿಲ್ಲ ಅಂದ್ರೆ ಇಲ್ಲೇ ಬಂದು ಇಡ್ಲಿ ಗಾಡಿ ಇಡೋಣ, ನೀನು ರುಬ್ಬು, ನಾನು ಕೂಗ್ತೀನಿ." ಹೆದರಿಕೆಯೇ ಇಲ್ಲದ ಹುಡುಗ ಅವನು. ಇಕ್ಕಳ ಹಿಡಿದು ಮಂಡಿಯೂರಿ ಕೂತವನು ಅವನಲ್ಲ. ನಿನಗೆ ಆ ನೀರು, ಆ ಕೆಲಸ ನಿಜವಾಗಿ ಬೇಕಿದ್ದರೆ ಹೇಳು, ನಾನು ಖುಷಿಯಿಂದ ಬರುತ್ತೇನೆ. ಅಲ್ಲಿಯ ನೆಲವೂ ಜಿಗುಟೇ, ಅಲ್ಲಿಯ ಮನೆಗೂ ನೀರುಣಿಸುತ್ತೇನೆ. ಇನ್ನೊಂದು ಬೆಳಿಗ್ಗೆ ಮಹಡಿ ಖಾಲಿಯಾದೀತು ಎನ್ನುವ ಭಯಕ್ಕೆ ಹೂಂ ಅನ್ನುತ್ತಿದ್ದರೆ ಮಾತ್ರ ನನ್ನ ಸಹಿ ಬೇಡ. ಈ ಟೇಪಿಗೆ ಉತ್ತರ ಶುಕ್ರವಾರದ ತನಕ ಕಾಯಬೇಕಾಗಿಲ್ಲ. ಇವತ್ತು ಆಫೀಸು ಮುಟ್ಟಿ, ಬ್ಯಾಗು ಇಳಿಸುವ ಮುಂಚೆ ಫೋನ್ ಮಾಡು.

ನಿನ್ನ ಕೋಣೆಯ ಪಕ್ಕದ ವೆಂಕಟೇಶ್‌ಗೆ ಚಟ್ನಿಪುಡಿ ಕೊಡು, ಅವನ ಪಾಲು ಬೇರೆ ಕಟ್ಟಿದ್ದೇನೆ, ನೀನೇ ಮುಗಿಸಬೇಡ. ಹೊತ್ತಿಗೆ ಉಣ್ಣು. ಹೋಗಿ ಬರುವ ದಾರಿಯೆಲ್ಲ ನಿನ್ನ ಮೇಲೆ ತಂಪಾಗಿ ಬೆಳಗಾಗಲಿ. ಫ್ಯಾನಿನ ಸದ್ದು ನಿಂತಿತು, ಮಗ್ಗುಲು ಬದಲಿಸಿ ಆಫ್ ಮಾಡಿದೆಯಾ? ಚಳಿಯಾಯಿತೇನೋ. ಬಂದೆ.

ನೀನು ಒಳಗಿರುವಾಗಲೂ ನಿನಗೆ ಪತ್ರ ಬರೆಯುವ,
ಸಂಹಿತಾ

ತಾಳು, ಇದೊಂದು ಉಳಿಯಿತು, ಟೇಪಿನ ಸುರುಳಿ ಸಣ್ಣಗಾಗಿದೆ, ಬೇಗ ಹೇಳುತ್ತೇನೆ. ಶುಕ್ರವಾರ ನೀನು ಬರುವ ಸ್ವಲ್ಪ ಮುಂಚೆ ಆ ಲ್ಯಾಬಿನವನು ಫೋನ್ ಮಾಡಿದ್ದ. ನನಗೆ ಕೆಲಸ ಕೊಟ್ಟಿದ್ದಾನೆ. ಏಪ್ರಿಲ್‌ನಲ್ಲಿ ಬಂದ ನನ್ನ ಕೆಲಸದ ಪರ್ಮಿಟ್ ಕಾರ್ಡು ಡ್ರಾಯರಿನಲ್ಲಿ ಸ್ಟ್ಯಾಂಪುಗಳ ಜೊತೆ ಮಲಗಿತ್ತಲ್ಲ, ಅದನ್ನು ಎಬ್ಬಿಸಿದೆ. ಹದಿನೆಂಟರ ಸೋಮವಾರದಿಂದ ಹೋಗಬೇಕು. ನಿನ್ನನ್ನು ಕೇಳದೆಯೇ ಹೂಂ ಅಂದೆ. ಕ್ಲಿಯರ್ ಲೇಕ್ ಬೇಕು ಎಂದರೆ ಅದನ್ನು ಬಿಟ್ಟು ಬಂದೇನು, ಮಣ್ಣು ಎಲ್ಲೂ ಇದೆ. ಸಂಬಳ ದೊಡ್ಡದಲ್ಲ, ಅದರಲ್ಲಿ ಮನೆಯ ಕಂತು ಹೋಗುತ್ತದೆ, ಉಪ್ಪು ಎಣ್ಣೆಗೆ ನಿನ್ನ ಕೈ ನೋಡಬೇಕು. ನೀನು ಕೆಲಸ ಬಿಟ್ಟು ಬಂದು ಮೇಲಿನ ಕೋಣೆಯಲ್ಲಿ ಕೂತರೂ ಈ ಮನೆ ಕೂರುವುದಿಲ್ಲ. ಬರುವುದಾದರೆ ಇಸ್ತ್ರಿ ಅಂಗಿ ಹಾಕಿಕೊಳ್ಳಬೇಡ, ಬಾಗಿಲು ಮುಚ್ಚಿಕೊಳ್ಳಬೇಡ. ಅಮ್ಮನಿಗೆ ನಾನೇ ಹೇಳುತ್ತೇನೆ. ಮತ್ತೆ, ಇಕ್ಕಳ ನಿನ್ನ ಕಾರಿನ ಡಿಕ್ಕಿಯಲ್ಲಿದೆ. ಶುಕ್ರವಾರ ಮರೆಯದೆ ತಾ. ಈ ಮೂಲೆಯ ಪೈಪಿನ ಮುಚ್ಚಳ ನೀನು ಎಷ್ಟು ಬಿಗಿ ಮಾಡಿದ್ದೀಯೆಂದರೆ, ನನ್ನ ಕೈಯಲ್ಲಿ ಬಿಚ್ಚಲು ಆಗುತ್ತಿಲ್ಲ.